ನೀರಿಗಿಳಿದ ಬೆಕ್ಕಿನ ರಾಗ

ನಮ್ಮ ಚಿಕ್ಕಪ್ಪ ಅದಾವ್ತು ಸುಳ್ಳು ಹೇಳುವ ಮನುಷ್ಯನಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಸುಮ್ಮನಿರಲು ಬಾರದವನು, ಅಷ್ಟೇ. ದಾರಿ ಕೇಳಿದವರಿಗೆ ತಾನು ಕಂಡಿರದ ಊರಿನ ದಾರಿಯನ್ನೂ ಹೇಳಿ ಕಳಿಸುತ್ತಾನೆ. ಅವರು ಅಲೆದಾಡಿ ವಾಪಸು ಬಂದರೆ ಕೂರಿಸಿ ಕಾಫಿ ಕೊಡುತ್ತಾನೆ. ಹಾಗಾಗಿ ಅವನ ಮೇಲೆ ಯಾರಿಗೂ ಸಿಟ್ಟಿಲ್ಲ.

ಬ್ರೇಜು ದಾ ಕಾಬ್ರಾ ಎಂಬ ನಮ್ಮ ಊರಿನಲ್ಲಿ ಕೆಟ್ಟ ಕುಕ್ಕರು, ಗ್ಯಾಸ್ ಒಲೆ, ಫ್ಯಾನುಗಳೆಲ್ಲ ಅವನ ಅಂಗಡಿಗೆ ಬರುತ್ತವೆ. ರಿಪೇರಿ ಅವನ ಹೊಟ್ಟೆಪಾಡು. ಪೀಫಿ ಅವನ ಮರ್ಯಾದೆ. ಪೀಫಿ ಅಂದರೆ ಬಿದಿರಿನ ಅಡ್ಡ ಕೊಳಲು. ನಮ್ಮ ನಾಲ್ವರ ಮೇಳದಲ್ಲಿ ಮೊದಲ ಪೀಫಿ ಚಿಕ್ಕಪ್ಪನದು. ಎರಡನೆಯದು ಸೆವ್ ಜೆನೋಬಿಯು ಅವರದು. ಸೆವ್ ಅಂದರೆ ನಮ್ಮಲ್ಲಿ ರಾಯರು, ದೋನಾ ಅಂದರೆ ಅಮ್ಮನವರು ಅಂದ ಹಾಗೆ. ವಯಸ್ಸಾದವರು, ಕಿವಿ ಅರ್ಧ ಮಾತ್ರ ಕೇಳುತ್ತದೆ, ಉಳಿದರ್ಧ ಅವರೇ ಊಹಿಸಿಕೊಳ್ಳುತ್ತಾರೆ. ಹೊಟ್ಟೆಗೆ ಕಟ್ಟಿಕೊಂಡು ಬಾರಿಸುವ ದೊಡ್ಡ ಡೋಲು ಜಬುಂಬ ನಮ್ಮ ಚಿಕ್ಕಮ್ಮ ಇವೊನೆಚಿಯದು. ಜೋಳದ ಹಿಟ್ಟು ನಾದಿ ಬಲಿತ ತೋಳು, ಡೋಲಿನ ಚರ್ಮವೇ ಅವಳಿಗೆ ಹೆದರುತ್ತದೆ. ಸಣ್ಣ ಡೋಲು ತರೋಲು ನನ್ನ ಪಾಲಿಗೆ ಬಂತು. ಪದವಿ ಮುಗಿಸಿ ಮನೆಯಲ್ಲಿ ಕೂತವಳು ನಾನೊಬ್ಬಳೇ ಸಿಕ್ಕಿದೆ ಎಂದು ಅವರು ಕೇಳಿದರು. ಡೋಲಿನ ಹಿಂದೆ ನಿಂತವರ ಮುಖ ಯಾರೂ ನೋಡುವುದಿಲ್ಲವೆಂದು ನಾನು ಒಪ್ಪಿದೆ.

ಪ್ರತಿ ಜೂನಿನಲ್ಲಿ ಸಾವೊ ಜುವಾಂವ್ ಸಂತರ ಹಬ್ಬವನ್ನು ಶುರುಮಾಡುವುದು ನಮ್ಮ ಮೇಳ. ಚೌಕದಲ್ಲಿ ಸೌದೆಗೆ ಬೆಂಕಿ ಇಡುವ ಮುಂಚೆ ಪೀಫಿ ಊದಬೇಕು. ಚಿಕ್ಕಪ್ಪ ವರ್ಷವಿಡೀ ಬದುಕುವುದೇ ಆ ಸಂಜೆಗಾಗಿ. ಈ ಸಲ ಆ ಜಾಗಕ್ಕೆ ಜಿಲ್ಮಾರಿಯು ಕಣ್ಣು ಹಾಕಿದ. ಅವನು ಮೇಯರರ ಭಾವಮೈದುನ, ಹೊರಗಿನಿಂದ ಬಂದು ನೆಲೆಸಿದವನು, ತಲೆಯ ಮೇಲೆ ಸ್ಪೀಕರುಗಳ ಗೋಪುರ ಹೊತ್ತ ಒಂದು ಕಾರಿನ ಒಡೆಯ. ಆ ಕಾರು ಬೀದಿಗೆ ಬಂದರೆ ಕೋಳಿಗಳು ಎರಡು ದಿನ ಮೊಟ್ಟೆ ಇಡುವುದಿಲ್ಲ ಎಂದು ಪಕ್ಕದ ಮನೆಯ ದೋನಾ ಕಿತೇರಿಯಾ ಅವರ ದೂರು.

ಸುದ್ದಿ ತಂದವರು ಸಂಸ್ಕೃತಿ ಇಲಾಖೆಯ ಕಾರ್ಯದರ್ಶಿ ವಾಂದೆರ್ಲಾನ್. ಕ್ರೀಡೆಯೂ ಅವರದೇ, ಬೀದಿದೀಪವೂ ಅವರದೇ. ಕೆಟ್ಟ ಫ್ಯಾನನ್ನು ಕಂಕುಳಲ್ಲಿ ಹಿಡಿದು ಬಂದು, ಚಿಕ್ಕಪ್ಪ ಕೊಟ್ಟ ಕಾಫಿ ಹಿಡಿದು ಕೂತರು.

"ಬೇಜಾರು ಮಾಡ್ಕೋಬೇಡ ಅದಾವ್ತು. ನಿಮ್ಮದು ಚೆನ್ನಾಗೇ ಇದೆ. ಆದ್ರೆ ನೀವು ಊದೋದನ್ನೆಲ್ಲ ಸುತ್ತಮುತ್ತಲ ಊರವರೂ ಊದ್ತಾರೆ. ನಮ್ಮೂರಿಗೇ ಅಂತ ಒಂದು ರಾಗ ಇದೆಯಾ ಹೇಳು? ಇದ್ರೆ ಮೇಯರ್ ಹತ್ರ ನಾನು ಜಗಳಾನೇ ಆಡ್ತೀನಿ. ಇಲ್ಲ ಅಂದ್ರೆ ಈ ಸಲ ಹಬ್ಬ ಶುರುಮಾಡೋದು ಜಿಲ್ಮಾರಿಯು ಕಾರು."

ಇಲ್ಲಿ ಚಿಕ್ಕಪ್ಪ ಸುಮ್ಮನಿರಬಹುದಿತ್ತು. ಆದರೆ ಅದು ಪ್ರಶ್ನೆಯಾಗಿತ್ತು.

"ಇದೆ," ಅಂದ.

"ಏನು, ನಿಜವಾಗ್ಲೂ?"

"ನಮ್ಮ ಮುತ್ತಜ್ಜನದು. ಇಷ್ಟು ದಿನ ಯಾರೂ ಕೇಳ್ಲಿಲ್ಲ, ನಾನೂ ಊದ್ಲಿಲ್ಲ."

ಒಲೆಗಳ ನಡುವಿನಿಂದ ಪೀಫಿ ಎತ್ತಿಕೊಂಡು, ಕಣ್ಣು ಮುಚ್ಚಿ, ಬೆರಳಿಗೆ ಮೊದಲು ಬಂದದ್ದನ್ನು ಊದಿದ. ನೀರು ತುಳುಕಿದಂತೆ ಏಳುತ್ತಾ ಬೀಳುತ್ತಾ ಸಾಗುವ ರಾಗ. ಕೊನೆಯ ಹೊತ್ತಿಗೆ ಅದಕ್ಕೆ ಏನೋ ಗಾಬರಿಯಾದಂತೆ ವೇಗ ಹೆಚ್ಚಿ, ಓಡಿ, ಏದುಸಿರು ಬಿಟ್ಟು, ಥಟ್ಟನೆ ನಿಂತಿತು. ನಾನು ಬಾಗಿಲಲ್ಲಿದ್ದೆ. ವಾಂದೆರ್ಲಾನ್ ಅವರನ್ನೇ ನೋಡುತ್ತಿದ್ದೆ. ರಾಗ ಓಡತೊಡಗಿದಾಗ ಆ ದಪ್ಪ ಮನುಷ್ಯ ಉಸಿರು ಬಿಗಿಹಿಡಿದರು. ಅವರ ಎರಡೂ ಹೆಬ್ಬೆರಳು ಕಾಫಿ ಲೋಟದ ಮೇಲೆ ತಾವಾಗಿಯೇ ಕುಣಿದವು. ರಾಗ ನಿಂತಾಗ ಅವರ ಕಣ್ಣು ಒದ್ದೆ.

"ಇದನ್ನ ನಾನು ಕೇಳಿದೀನಿ ಅದಾವ್ತು! ಚಿಕ್ಕ ಹುಡುಗನಾಗಿದ್ದಾಗ ಕೇಳಿದೀನಿ!"

"ಕೇಳಿರ್ತೀರಿ," ಅಂದ ಚಿಕ್ಕಪ್ಪ ಗಂಭೀರವಾಗಿ. "ಊರಿನದೇ ಅಲ್ವಾ."

ನನಗೂ ಅದು ಎಲ್ಲೋ ಕೇಳಿದ ರಾಗ. ಎಲ್ಲಿ ಎಂಬುದು ತಲೆಯೊಳಗೆ ನೊಣದಂತೆ ಸುತ್ತುತ್ತಲೇ ಇತ್ತು. ಸಂಜೆ ಫೋನಿನಲ್ಲಿ ಹುಡುಕಿದೆ. ಸಿಕ್ಕಿದ್ದನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಚಿಕ್ಕಪ್ಪ ಕೇಳಿದ, ಕೇಳಿ ಮುಖ ಅರಳಿಸಿದ.

"ನಮ್ಮ ಮುತ್ತಜ್ಜನ ರಾಗ! ಫೋನಿನೊಳಗೆ ಹೇಗೆ ಹೋಯ್ತು ನೇಯ್ಡಿ?"

"ಚಿಕ್ಕಪ್ಪ, ಇದು ವಿಡಿಯೋ ಗೇಮು. ಜಪಾನಿನವರು ಮಾಡಿದ್ದು. ತಲೆಗೆ ಗಾಜಿನ ಬೋಗುಣಿ ಹಾಕ್ಕೊಂಡ ಒಂದು ಬೆಕ್ಕು ಮೀನು ಹಿಡಿಯೋಕೆ ನೀರಿಗೆ ಇಳಿಯುತ್ತೆ. ಉಸಿರು ಮುಗೀತಾ ಬಂದ ಹಾಗೆ ರಾಗ ಜೋರಾಗುತ್ತೆ. ಆಮೇಲೆ ಸಾಯುತ್ತೆ. ಸೆವ್ ಬಿಯು ಮನೇಲಿ ಇತ್ತಲ್ಲ..."

ಮುಂದೆ ಹೇಳಬೇಕಾಗಲಿಲ್ಲ. ತೀರಿಹೋದ ಸೆವ್ ಬಿಯು ಒಂದು ಕಾಲದಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಟಿವಿಗಳನ್ನು ಸಾಲಾಗಿಟ್ಟು, ಊರಿನ ಮಕ್ಕಳಿಗೆ ಗಂಟೆ ಲೆಕ್ಕದಲ್ಲಿ ಆಟ ಆಡಲು ಬಿಡುತ್ತಿದ್ದರು. ಆ ಕೋಣೆಗೂ ಚಿಕ್ಕಪ್ಪನ ಅಂಗಡಿಗೂ ನಡುವೆ ಒಂದೇ ಗೋಡೆ. ವರ್ಷಗಟ್ಟಲೆ ಇವನು ಈಚೆ ಕುಕ್ಕರು ಬಿಚ್ಚುತ್ತಿದ್ದ. ಆಚೆ ಬೆಕ್ಕು ಸಾಯುತ್ತಿತ್ತು. ಚಿಕ್ಕಪ್ಪ ಆ ಗೋಡೆಯನ್ನು ನೋಡಿದ. ಮದುವೆ ಮನೆಯಲ್ಲಿ ಮೋಸ ಮಾಡಿದ ಬೀಗರನ್ನು ನೋಡುವ ಹಾಗೆ ನೋಡಿದ.

"ಬೆಳಿಗ್ಗೆ ಎದ್ದು ಹೋಗಿ ನಿಜ ಹೇಳಿ ಬಾ," ಅಂದಳು ಚಿಕ್ಕಮ್ಮ. "ನಿನ್ನ ಮುತ್ತಜ್ಜ ಪೀಫಿ ಊದ್ತಿದ್ದದ್ದು ನಾಯಿ ಓಡಿಸೋಕೆ. ಅದು ನನಗೂ ಗೊತ್ತು, ನಿನಗೂ ಗೊತ್ತು."

ಬೆಳಿಗ್ಗೆ ಅವನು ಅಂಗಿ ಬದಲಾಯಿಸಿ ಹೊರಟದ್ದು ನಿಜ. ಆದರೆ ಬಾಗಿಲಲ್ಲೇ ದೋನಾ ಕಿತೇರಿಯಾ ಬಿಸಿ ಪಮೋನ್ಯಾ ತಟ್ಟೆ ಹಿಡಿದು ನಿಂತಿದ್ದರು. ಹಸಿ ಜೋಳ ಅರೆದು ಅದರ ಸಿಪ್ಪೆಯಲ್ಲೇ ಸುತ್ತಿ ಬೇಯಿಸಿದ ಕಡುಬನ್ನು ಅವರು ಯಾರಿಗೂ ಸುಮ್ಮನೆ ಕೊಡುವವರಲ್ಲ.

"ಎಂಥ ರಾಗ ಅದಾವ್ತು! ನಿನ್ನೆ ನಮ್ಮ ಹಿತ್ತಲಿಗೂ ಕೇಳಿಸ್ತು. ನಮ್ಮತ್ತೆ ಅದಕ್ಕೆ ಕುಣೀತಿದ್ರು ಕಣಪ್ಪ."

"ನಿಮ್ಮತ್ತೆಗೆ ಕಾಲೇ ಆಡ್ತಿರ್ಲಿಲ್ಲವಲ್ಲ?" ಅಂದಳು ಚಿಕ್ಕಮ್ಮ.

"ಕೂತ್ಕೊಂಡೇ ಕುಣೀತಿದ್ರು."

ಚಿಕ್ಕಪ್ಪ ವಾಂದೆರ್ಲಾನ್ ಕಚೇರಿ ಮುಟ್ಟುವ ಹೊತ್ತಿಗೆ ಅವರು ದೊಡ್ಡ ಪಟ್ಟಣ ರೆಸಿಫೆಗೆ ಫೋನು ಮಾಡಿ ಮುಗಿಸಿದ್ದರು. ವಿಶ್ವವಿದ್ಯಾಲಯದಿಂದ ಜಾನಪದದ ಡಾಕ್ಟರು ಬರುತ್ತಾರಂತೆ. ಅವರು ಹೌದು ಅಂದರೆ ಮೇಯರೂ ಹೌದು ಅನ್ನುತ್ತಾರಂತೆ. ಚಿಕ್ಕಪ್ಪ ವಾಪಸು ಬಂದು ಪಮೋನ್ಯಾ ಬಿಚ್ಚಿ ತಿಂದ. "ಡಾಕ್ಟರ್ ಓದಿರೋರು. ಅವರೇ ಕಂಡುಹಿಡೀತಾರೆ. ನಾನ್ಯಾಕೆ ಮಧ್ಯೆ ಬಾಯಿ ಹಾಕಲಿ?" ಅಂದ.

ಡಾಕ್ಟರ್ ರೊಜಿಲ್ಡಾ ಬಂದರು. ಸಣ್ಣಗೆ ಎತ್ತರದ ಹೆಂಗಸು, ಕೈಯಲ್ಲಿ ಧ್ವನಿ ಮುದ್ರಿಸುವ ಯಂತ್ರ, ಕಣ್ಣಲ್ಲಿ ಎಲ್ಲವನ್ನೂ ತಿಳಿಯಬೇಕೆಂಬ ಹಸಿವು. ಮೊದಲ ಬೆಳಿಗ್ಗೆಯೆಲ್ಲ ಅವರು ನಮ್ಮ ಬೀದಿಯ ಮೊಣಕಾಲು ನೋವು, ರಕ್ತದೊತ್ತಡಗಳನ್ನು ಕೇಳಬೇಕಾಯಿತು. ತಾವು ಆ ಬಗೆಯ ಡಾಕ್ಟರಲ್ಲ ಎಂದು ಅವರು ಬಿಡಿಸಿ ಹೇಳಿದರು. "ಗೊತ್ತಮ್ಮ, ಆದ್ರೂ ಒಂದ್ಸಲ ನೋಡಿ," ಅಂದು ದೋನಾ ಕಿತೇರಿಯಾ ನಾಲಿಗೆ ಚಾಚಿದರು.

ಮಧ್ಯಾಹ್ನ ಅಂಗಡಿಯ ಅಂಗಳದಲ್ಲಿ ವಿಚಾರಣೆ ಶುರುವಾಯಿತು. ಮೊದಲು ಕೂತವನು ಮಾಂಸದಂಗಡಿಯ ಎರಿವಾನ್, ನಲವತ್ತರ ಆಸುಪಾಸಿನವನು.

"ಈ ರಾಗ ನೀವು ಮೊದಲು ಕೇಳಿದ್ದು ಎಲ್ಲಿ?"

"ಸೆವ್ ಬಿಯು ಮನೇಲಿ ಡಾಕ್ಟ್ರಮ್ಮ. ಸ್ಕೂಲು ಬಿಟ್ಟ ಕೂಡ್ಲೇ ಓಡ್ತಿದ್ವಿ. ಕೆಲವು ದಿನ ಸ್ಕೂಲು ಬಿಡೋಕೂ ಮುಂಚೆ."

"ಮಕ್ಕಳು ತುಂಬ ಜನ ಸೇರ್ತಿದ್ರಾ?"

"ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ. ನೆಲದ ಮೇಲೆ ಒತ್ತಿ ಒತ್ತಿ ಕೂರ್ತಿದ್ವಿ. ಕತ್ತಲೆ ಕೋಣೆ. ಕಿಟಕಿಗೆ ಕಂಬಳಿ."

"ಕತ್ತಲೆ ಯಾಕೆ?"

"ಬೆಳಕಿದ್ರೆ ಸರಿಯಾಗಿ ಕಾಣ್ಸಲ್ಲ ನೋಡಿ."

ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಸೆವ್ ಬಿಯು ಹೇಗೆ ಕಲಿಸ್ತಿದ್ರು?"

"ಅವರೇನು ಕಲಿಸ್ತಿದ್ರು! ಬಾಗಿಲಲ್ಲಿ ಕೂತು ಗಡಿಯಾರ ನೋಡೋರು. ಹೊತ್ತಾಯ್ತು ಅಂದ್ರೆ 'ಸಾಕು ಏಳು, ಮುಂದಿನವನು ಬಾ' ಅನ್ನೋರು. ನಾವಾಗೇ ಕಲೀಬೇಕು. ಸತ್ತು ಸತ್ತು ಕಲೀಬೇಕು."

"ಸತ್ತು?"

"ದಿನಾ ಸಾಯ್ತಿದ್ವಿ ಡಾಕ್ಟ್ರಮ್ಮ," ಅಂದ ಎರಿವಾನ್ ಹೆಮ್ಮೆಯಿಂದ. "ನನ್ನಷ್ಟು ಸಲ ಸತ್ತವನು ಈ ಊರಲ್ಲೇ ಇಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಡಾಕ್ಟರು ಮುಂದಕ್ಕೆ ಬಾಗಿದರು. ಯಂತ್ರ ಓಡುತ್ತಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡರು. ಸೆವ್ ಬಿಯು ಮನೆ ಅಂದರೆ ಏನೆಂದು ನಮ್ಮೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆದ್ದರಿಂದ ಯಾರೂ ವಿವರಿಸಲಿಲ್ಲ. ಅವರು ಕೇಳಿದ್ದೂ ರಾಗದ ವಿಷಯ, ಆಟದ ವಿಷಯವಲ್ಲ. ಈಗಲಾದರೂ ಯಾರಾದರೂ ಹೇಳಬೇಕು ಅನ್ನಿಸಿ ನಾನು ಎರಡು ಹೆಜ್ಜೆ ಮುಂದೆ ಬಂದೆ, ಬಾಯಿ ತೆರೆದೆ. "ಕಾಫಿ ಕೊಡ್ಲಾ?" ಎಂದು ಕೇಳಿದೆ.

ಆಮೇಲೆ ಚಿಕ್ಕಪ್ಪ ರಾಗ ಊದಿದ. ಅಂಗಳದಲ್ಲಿ ನಿಂತಿದ್ದ ಆ ವಯಸ್ಸಿನವರೆಲ್ಲ, ಮಾಂಸದಂಗಡಿಯವನು, ಬೇಕರಿಯವನು, ಪೋಸ್ಟಿನವಳು, ರಾಗ ಓಡತೊಡಗಿದೊಡನೆ ಒಟ್ಟಿಗೇ ಉಸಿರು ಕಟ್ಟಿದರು. ಹೆಬ್ಬೆರಳುಗಳು ಕುಣಿದವು. ರಾಗ ನಿಂತಾಗ ಎಲ್ಲರೂ ಒಟ್ಟಿಗೇ "ಛೇ!" ಅಂದರು.

"ಗಮನಿಸಿದ್ರಾ?" ಡಾಕ್ಟರು ವಾಂದೆರ್ಲಾನ್ ಕಿವಿಯಲ್ಲಿ ಉಸುರಿದರು. "ಹೆಬ್ಬೆರಳಿನ ಜಪ. ಜಪಮಾಲೆ ಇಲ್ಲದೆ. ಇಂಥದ್ದು ನಾನು ಎಲ್ಲೂ ನೋಡಿಲ್ಲ."

ವಾಂದೆರ್ಲಾನ್ ತಮ್ಮ ಹೆಬ್ಬೆರಳುಗಳನ್ನು ಕೌತುಕದಿಂದ ನೋಡಿಕೊಂಡು, ಗೌರವದಿಂದ ಜೇಬಿನಲ್ಲಿಟ್ಟರು.

"ಪೀಫಿ ರಾಗಗಳೆಲ್ಲ ಒಂದೊಂದು ಕತೆ ಹೇಳ್ತವೆ ಅಲ್ವಾ? ಇದು ಏನು ಹೇಳುತ್ತೆ ಸೆವ್ ಅದಾವ್ತು?"

ಮೊದಲೇ ಹೇಳಿದೆನಲ್ಲ, ಚಿಕ್ಕಪ್ಪ ಸುಳ್ಳು ಹೇಳುವವನಲ್ಲ. "ಒಂದು ಬೆಕ್ಕು ಮೀನು ಹಿಡಿಯೋಕೆ ನೀರಿಗೆ ಇಳಿಯುತ್ತೆ," ಅಂದ. "ಉಸಿರು ಸಾಲಲ್ಲ. ಸಾಯುತ್ತೆ."

"ಬೆಕ್ಕು? ನೀರಿಗೆ?"

"ಹ್ಞೂಂ. ತಲೆ ಮೇಲೆ ಬೋಗುಣಿ ಇರುತ್ತೆ."

ಡಾಕ್ಟರು ಯಂತ್ರವನ್ನು ಇನ್ನಷ್ಟು ಹತ್ತಿರ ಹಿಡಿದರು. "ಖಾಲಿ ಬೋಗುಣಿ," ಅಂದರು. "ತನ್ನದಲ್ಲದ ನೀರಿಗೆ ಅನ್ನಕ್ಕಾಗಿ ಇಳಿದವನು. ಅದು ಬೆಕ್ಕಲ್ಲ ಸೆವ್ ಅದಾವ್ತು. ಅದು ಮನುಷ್ಯ."

"ಹಾಗಂತೀರಾ?" ಅಂದ ಚಿಕ್ಕಪ್ಪ. ಅವನಿಗೂ ಬೆಕ್ಕಿನ ಮೇಲೆ ಹೊಸದಾಗಿ ಮರುಕ ಹುಟ್ಟಿತ್ತು.

"ಇಂಥವು ಇನ್ನೂ ಇವೆಯಾ?"

ಚಿಕ್ಕಮ್ಮ ಮೇಜಿನ ಕೆಳಗೆ ಕಾಲು ಚಾಚಿ ಒದ್ದಳು. ಪೆಟ್ಟು ಸೆವ್ ಜೆನೋಬಿಯು ಅವರಿಗೆ ಬಿತ್ತು. ಅವರು ಏನೋ ಕೇಳಿದರೆಂದುಕೊಂಡು "ಹೌದು, ಹೌದು" ಅಂದರು. ಚಿಕ್ಕಪ್ಪ ಅದಕ್ಕೆ ಸೇರಿಸಿದ: "ಬೇಕಾದಷ್ಟಿವೆ ಡಾಕ್ಟ್ರಮ್ಮ. ಹಬ್ಬದ ದಿನ ಕೇಳಿಸ್ತೀವಿ."

ಹೀಗೆ ನಮ್ಮ ಮೇಳ ಅಂಗಡಿಯ ಬಾಗಿಲು ಹಾಕಿಕೊಂಡು, ಜಪಾನಿನ ಒಂದು ಬೆಕ್ಕಿನಿಂದ ನಮ್ಮ ಪೂರ್ವಿಕರ ಸಂಗೀತವನ್ನು ಕಲಿಯತೊಡಗಿತು.

ಅದೇ ಆಟದಲ್ಲಿ ಮಂಜಿನ ಬೆಟ್ಟದ ರಾಗ ಇತ್ತು, ಸುರಂಗದ ರಾಗ ಇತ್ತು, ಕೊನೆಯ ದೊಡ್ಡ ರಾಕ್ಷಸ ಮೀನಿನ ರಾಗ ಇತ್ತು. ಫೋನನ್ನು ಕುಕ್ಕರಿನೊಳಗಿಟ್ಟರೆ ಸದ್ದು ದೊಡ್ಡದಾಗುತ್ತದೆಂದು ಚಿಕ್ಕಪ್ಪ ಕಂಡುಹಿಡಿದ. ನಾಲ್ವರೂ ಕುಕ್ಕರಿನ ಸುತ್ತ ತಲೆ ಬಗ್ಗಿಸಿ ಕೂತೆವು. ನಾನು ಒಂದೊಂದೇ ಎಳೆಯನ್ನು ಬಿಡಿಸಿ ಕೇಳುತ್ತಾ ಹೋದೆ. ಆಗ ನನಗೆ ವಿಚಿತ್ರವೆನಿಸಿದ್ದು ಇದು: ಆ ಹಳೆಯ ಯಂತ್ರಕ್ಕೆ ಇದ್ದದ್ದೇ ನಾಲ್ಕು ಬಾಯಿ. ಒಂದರ ಪಕ್ಕ ಒಂದು ಹಾಡುವ ಎರಡು ತೆಳು ದನಿ. ಕೆಳಗೆ ದುಮ್ ದುಮ್ ಎನ್ನುವ ಒಂದು ದಪ್ಪ ದನಿ. ನಾಲ್ಕನೆಯದು ದನಿಯೇ ಅಲ್ಲ, ಬರೀ ಚರ್ ಚರ್ ಎಂಬ ಸದ್ದು.

"ಎರಡು ಪೀಫಿ, ಒಂದು ಜಬುಂಬ, ಒಂದು ತರೋಲು," ಅಂದೆ. ಇಷ್ಟು ಜೋರಾಗಿ ಅಂದೆ ಎಂದರೆ ಸೆವ್ ಜೆನೋಬಿಯು ಅವರಿಗೂ ಕೇಳಿಸಿತು.

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದರು ಅವರು.

"ಜಪಾನಿನವರು!" ಎಂದು ಕಿರುಚಿದಳು ಚಿಕ್ಕಮ್ಮ.

"ಯಾವ ಬೀದಿ?"

ಕೂಡಿಸುವುದು ಕೇಳುವಷ್ಟು ಸುಲಭವಾಗಿರಲಿಲ್ಲ. ಯಂತ್ರಕ್ಕೆ ಉಸಿರಾಡುವ ಗೊಡವೆ ಇಲ್ಲ, ಅದು ನಿಲ್ಲಿಸದೆ ಹಾಡುತ್ತಲೇ ಹೋಗುತ್ತದೆ. ರಾಕ್ಷಸ ಮೀನಿನ ರಾಗ ಊದುತ್ತಾ ಸೆವ್ ಜೆನೋಬಿಯು ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು; ಚಿಕ್ಕಮ್ಮ ಪೀಫಿ ಕಿತ್ತುಕೊಂಡು ಬೆನ್ನು ತಟ್ಟಿದಳು. ಕೊನೆಗೆ ಒಬ್ಬರು ಉಸಿರು ಎಳೆಯುವಾಗ ಇನ್ನೊಬ್ಬರು ರಾಗ ಹಿಡಿದಿರಬೇಕೆಂದು ಹಂಚಿಕೊಂಡೆವು. ಮಂಜಿನ ಬೆಟ್ಟದ ರಾಗ ಯಂತ್ರದಲ್ಲಿ ಗಾಜಿನಂತೆ ನುಣುಪಾಗಿತ್ತು. ನಮ್ಮ ಬಿದಿರಿನಲ್ಲಿ ಒಂದು ಸ್ವರ ಯಾವತ್ತೂ ಹೇಳಿದ ಕಡೆ ನಿಲ್ಲುವುದಿಲ್ಲ, ಕೊಂಚ ಜಾರಿ ಕೂರುತ್ತದೆ. ಆ ಜಾರಿದ ಜಾಗದಲ್ಲಿ ಮಂಜು ಕರಗಿ, ಜೋಳ ಸುಡುವ ಹೊಗೆಯ ವಾಸನೆ ಬಂದಂತಾಯಿತು. ಚಿಕ್ಕಮ್ಮ ಜಬುಂಬದ ಒಂದು ಪೆಟ್ಟನ್ನು ಕೊಂಚ ತಡವಾಗಿ ಹಾಕಿದಳು.

"ಅದು ಅಲ್ಲಿ ಇಲ್ಲ ಚಿಕ್ಕಮ್ಮ."

"ಇಲ್ಲ ಅಂತ್ಲೇ ಹಾಕ್ದೆ. ಅವರು ಮರೆತಿದ್ದಾರೆ ಪಾಪ."

ಹಬ್ಬದ ಸಂಜೆ ಬಂತು. ಚೌಕದಲ್ಲಿ ಸೌದೆಯ ರಾಶಿ, ತಲೆಯ ಮೇಲೆ ಬಣ್ಣದ ಕಾಗದದ ಬಾವುಟ, ಮೆಟ್ಟಿಲ ಮೇಲೆ ಮೇಯರು, ಅವರ ಪಕ್ಕದಲ್ಲಿ ಡಾಕ್ಟರು. ನಾವು ನಾಲ್ವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿ ನಿಂತೆವು. ಡಾಕ್ಟರು ಮಾತಾಡಲು ಎದ್ದು, "ಹೆಬ್ಬೆರಳಿನ ಜಪ ಎಂಬ ಅಪರೂಪದ ಪರಂಪರೆ..." ಎನ್ನುವಷ್ಟರಲ್ಲಿ, ಬೀದಿಯ ತಿರುವಿನಿಂದ ಸ್ಪೀಕರಿನ ಕಾರು ಗುಡುಗುತ್ತಾ ಬಂತು.

"ಜನರೇ, ಕೇಳಿ!" ಜಿಲ್ಮಾರಿಯು ದನಿ ಕಿಟಕಿಯ ಗಾಜುಗಳನ್ನು ಅಲುಗಿಸಿತು. "ಅದಾವ್ತು ಮುತ್ತಜ್ಜನ ರಾಗ ಅಂತಾನಲ್ಲ, ಅದು ವಿಡಿಯೋ ಗೇಮಿನ ಸಂಗೀತ! ಜಪಾನಿನಲ್ಲಿ ಮಾಡಿದ್ದು! ಫೋನಲ್ಲಿ ಹುಡುಕಿದೆ, ಸಿಕ್ತು! ಬೇಕಾದ್ರೆ ನಿಮ್ಮ ಕಿವಿಯಾರೆ ಕೇಳಿ!"

ಹಾಕಿಯೇ ಬಿಟ್ಟ. ನೀರಿಗಿಳಿದ ಬೆಕ್ಕಿನ ರಾಗ, ಅಸಲಿ ರಾಗ, ಎಲ್ಲ ಸ್ಪೀಕರುಗಳಿಂದ ಟಿಳಿಟಿಳಿ ಎಂದು ಚೌಕದ ತುಂಬ ಹರಿಯಿತು. ಚಿಕ್ಕಪ್ಪನ ಮುಖ ಬೂದಿಯಾಯಿತು. ನಾನು ಡೋಲಿನ ಹಿಂದೆ ಇನ್ನಷ್ಟು ಕುಗ್ಗಿದೆ. ಜನ ತಲೆ ಓರೆಮಾಡಿ ಕೊನೆಯವರೆಗೂ ಕೇಳಿದರು.

ಮೊದಲು ಮಾತಾಡಿದವರು ದೋನಾ ಕಿತೇರಿಯಾ. "ಇದೇನಿದು, ಸೊಳ್ಳೆಗೆ ನೆಗಡಿ ಆದ ಹಾಗಿದೆ!"

"ರಾಗ ನಮ್ಮದೇ," ಅಂದ ಎರಿವಾನ್. "ಆದ್ರೆ ಕೊಂದು ಹಾಕಿದ್ದಾರೆ. ಜಬುಂಬ ಪೆಟ್ಟು ಎಲ್ಲಿ? ಉಸಿರೇ ತಗೊಳ್ಳಲ್ವಲ್ಲ ಇದು!"

"ಅಂದ್ರೆ ಕದ್ದಿದ್ದಾರೆ!" ಎಂದು ಕೂಗಿದರು ವಾಂದೆರ್ಲಾನ್.

ಆ ಒಂದು ಮಾತು ಸಾಕಾಯಿತು. ಚೌಕ ಹೊತ್ತಿಕೊಂಡಿತು, ಸೌದೆಗೆ ಮಾತ್ರ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಎರಿವಾನ್ ಕಲ್ಲಿನ ಬೆಂಚಿನ ಮೇಲೆ ಹತ್ತಿದ. "ಈಗ ನೆನಪಾಯ್ತು! ಸೆವ್ ಬಿಯು ಮನೇಲಿ ನಾವು ಬೆಕ್ಕಿನ ಆಟ ಆಡ್ತಿದ್ದಾಗ ರಾಗ ಬರ್ತಿತ್ತಲ್ಲ, ಅದು ಟಿವಿಯಿಂದ ಬರ್ತಿದೆ ಅಂದ್ಕೊಂಡಿದ್ವಿ ಎಲ್ಲರೂ. ಟಿವಿಯಿಂದ ಎಲ್ಲಿ ಬರುತ್ತೆ? ಗೋಡೆ ಆಚೆ ಕೂತು ಊದ್ತಿದ್ದೋನು ಅದಾವ್ತು!"

"ಹೌದಲ್ಲ!" ಅಂದಿತು ಒಂದು ಇಡೀ ತಲೆಮಾರು.

"ನಾನೂ ಬೇಲಿ ಹತ್ರ ನಿಂತು ಕೇಳ್ತಿದ್ದೆ," ಅಂದರು ದೋನಾ ಕಿತೇರಿಯಾ. "ನಮ್ಮತ್ತೆ ಜೊತೆ."

ವಾಂದೆರ್ಲಾನ್ ಜಪಾನಿನ ರಾಯಭಾರಿಗೆ ಖಂಡನೆಯ ಪತ್ರ ಬರೆಯಬೇಕೆಂದರು. ಕ್ರೀಡಾ ಇಲಾಖೆಯ ಪರವಾಗಿ ತಾವೇ ಇನ್ನೊಂದು ಬರೆಯುವುದಾಗಿಯೂ ಹೇಳಿದರು. ಜಿಲ್ಮಾರಿಯು ಏನೋ ಹೇಳಲು ಹೋದ. ಯಾರೋ ಅವನ ಸ್ಪೀಕರಿನ ತಂತಿ ಎಳೆದರು. ಆಗ ಚಿಕ್ಕಪ್ಪ ಮುಂದೆ ಬಂದ. ರಾಯಭಾರಿ ಎಂಬ ಮಾತು ಅವನನ್ನು ಹೆದರಿಸಿತ್ತು.

"ನಿಲ್ಲಿಸ್ರಪ್ಪ! ಜಿಲ್ಮಾರಿಯು ಹೇಳಿದ್ದೇ ನಿಜ. ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ರಾಗ ಜಪಾನಿನದು. ನಾನು ಗೋಡೆ ಆಚೆಯಿಂದ ಕೇಳ್ಕೊಂಡದ್ದು. ನನ್ನ ಮುತ್ತಜ್ಜ ಪೀಫಿ ಊದ್ತಿದ್ದದ್ದು ನಾಯಿ ಓಡಿಸೋಕೆ!"

ಯಾರೋ ಮೂಗು ಒರೆಸಿಕೊಂಡ ಸದ್ದು.

"ನೋಡಿ, ಎಂಥ ವಿನಯ!" ಅಂದರು ದೋನಾ ಕಿತೇರಿಯಾ. "ಕದ್ದವರಿಗೂ ಬಯ್ಯಲ್ಲ ನಮ್ಮ ಅದಾವ್ತು."

"ಯುದ್ಧ ಗಿದ್ಧ ಆಗ್ಬಾರ್ದು ಅಂತ ತಪ್ಪು ತನ್ನ ಮೇಲೆ ಹಾಕ್ಕೊಂಡ!" ಅಂದ ಎರಿವಾನ್. ಚಪ್ಪಾಳೆ ಬಿತ್ತು. ಚಿಕ್ಕಪ್ಪ "ಅಯ್ಯೋ, ಅಲ್ಲ ಕಣ್ರೋ, ನಿಜವಾಗ್ಲೂ," ಅಂದಷ್ಟೂ ಚಪ್ಪಾಳೆ ಹೆಚ್ಚಾಯಿತು.

ಇಡೀ ಚೌಕದಲ್ಲಿ ಅವನನ್ನು ನಂಬಿದವರು ಡಾಕ್ಟರು ಒಬ್ಬರೇ. ಮೆಟ್ಟಿಲಿಳಿದು ಬಂದು ಮೆಲ್ಲಗೆ ಕೇಳಿದರು.

"ಹಾಗಾದ್ರೆ ಬೆಕ್ಕು... ಬೆಕ್ಕೇನಾ?"

"ಬೆಕ್ಕೇ ಡಾಕ್ಟ್ರಮ್ಮ. ಕ್ಷಮಿಸ್ಬಿಡಿ."

"ಹೆಬ್ಬೆರಳು?"

ನಾನು ಹೇಳಿದೆ. ಹೇಗೋ ಹೇಳಿಬಿಟ್ಟೆ. "ಗುಂಡಿ ಒತ್ತೋಕೆ. ಬೆಕ್ಕು ಮೇಲೆ ಬರ್ಲಿ ಅಂತ."

ಅವರು ನನ್ನನ್ನು ನೋಡಿದರು, ಜನರನ್ನು ನೋಡಿದರು. ಅಳುತ್ತಾರೆಂದು ನಾನು ಹೆದರಿದೆ. ಆದರೆ ಅವರ ಕಣ್ಣಿನ ಹಸಿವು ಮೊದಲಿಗಿಂತ ಹೆಚ್ಚಾಗಿತ್ತು. ಧ್ವನಿಯಂತ್ರವನ್ನು ಮತ್ತೆ ಒತ್ತಿದರು. "ಯಂತ್ರ ಸುಮ್ಮನಾಗಿ ಇಷ್ಟು ವರ್ಷ ಆದ್ಮೇಲೂ ಇವರೆಲ್ಲ ಆ ಬೆಕ್ಕನ್ನ ಬದುಕಿಸ್ತಾ ಇದ್ದಾರಾ? ಮೊದಲಿಂದ ಹೇಳಮ್ಮ, ನಿಧಾನವಾಗಿ."

ಹೇಳಲು ಸಮಯವಿರಲಿಲ್ಲ. ಮೇಯರು ಎದ್ದು ನಿಂತಿದ್ದರು. ಒಂದು ಕಡೆ ಭಾವಮೈದುನ, ಇನ್ನೊಂದು ಕಡೆ ಮತ ಹಾಕುವ ಜನ. ಅವರು ಬಹಳ ಹೊತ್ತು ಯೋಚಿಸಲಿಲ್ಲ.

"ಊದ್ರಪ್ಪ," ಅಂದರು. "ಸೌದೆ ಕಾಯ್ತಾ ಇದೆ."

ಊದಿದೆವು. ಬೆಕ್ಕು ನೀರಿಗಿಳಿಯಿತು, ಮಂಜಿನ ಬೆಟ್ಟ ಹತ್ತಿತು, ರಾಕ್ಷಸ ಮೀನಿನ ಜೊತೆ ಹೊಡೆದಾಡಿತು. ಚಿಕ್ಕಮ್ಮನ ತಡವಾದ ಪೆಟ್ಟು ಬಿದ್ದಲ್ಲೆಲ್ಲ ಜನ ಹೆಜ್ಜೆ ಹಾಕಿದರು. ಬೆಂಕಿ ಎದ್ದಿತು. ತಂತಿ ಹುಡುಕುವುದನ್ನು ಬಿಟ್ಟು ಜಿಲ್ಮಾರಿಯು ಕೂಡ ಪೋಸ್ಟಿನವಳ ಜೊತೆ ಕುಣಿದ.

ಆಮೇಲೆ ಚಿಕ್ಕಪ್ಪ ಬೆಂಚಿನ ಮೇಲೆ ಕೂತು ಸುಟ್ಟ ಜೋಳ ಹಿಡಿದಿದ್ದ, ತಿನ್ನುತ್ತಿರಲಿಲ್ಲ. ಹೋಗುವವರು ಬರುವವರೆಲ್ಲ ಅವನ ಹೆಗಲು ಮುಟ್ಟಿ ಹೋಗುತ್ತಿದ್ದರು.

"ನೇಯ್ಡಿ," ಅಂದ.

"ಏನು ಚಿಕ್ಕಪ್ಪ?"

"ಜಪಾನಿನವರು ಯಾವತ್ತಾದ್ರೂ ನಮ್ಮ ದೇಶಕ್ಕೆ ಬಂದಿದ್ರಾ?"

"ಬಂದಿದ್ರಲ್ಲ. ಹಿಂದೆ ಹಡಗಿನಲ್ಲಿ, ಸಂಸಾರ ಸಮೇತ. ಸಾವೊ ಪಾಲೊ ಕಡೆ, ಕಾಫಿ ತೋಟದ ಕೆಲಸಕ್ಕೆ."

ಅವನು ಜೋಳದ ಒಂದು ಸಾಲನ್ನು ನಿಧಾನವಾಗಿ ಕಡಿದ. ಅಗಿದ. ಬೆಂಕಿಯನ್ನು ನೋಡಿದ. ಅವನ ಮುಖಕ್ಕೆ ಮೆಲ್ಲಮೆಲ್ಲನೆ ಬಣ್ಣ ಮರಳುತ್ತಿತ್ತು.

"ನಮ್ಮ ಮುತ್ತಜ್ಜ ಕೂಡ," ಅಂದ, "ಒಂದ್ಸಲ ಕೆಲಸ ಹುಡುಕ್ಕೊಂಡು ಸಾವೊ ಪಾಲೊಗೆ ಹೋಗಿದ್ನಂತೆ. ಪೀಫಿ ತಗೊಂಡು."